ಹಾಶಾ ಮಾಮಾನ ಮೊಣಕಾಲು

ದಾರಿ ತೋರಿಸುವವರು ಮುಂದೆ ನಡೆಯಬೇಕೆಂಬುದು ಲೋಕರೂಢಿ. ಹಾಶಾ ಪಾದಿರ್ ಮಾತ್ರ ಹದಿನೆಂಟು ಇಪ್ಪತ್ತು ಜನರ ಗುಂಪನ್ನು ವಾಘಜಾಯಿ ದೇವಿಯ ಗುಡ್ಡಕ್ಕೆ ಕರೆದೊಯ್ಯುವಾಗಲೂ ಎಲ್ಲರಿಗಿಂತ ಹಿಂದೆ, ಕೊನೆಯವನ ನೆರಳು ತಮ್ಮ ಪಾದಕ್ಕೆ ತಾಗದಷ್ಟು ಅಂತರದಲ್ಲಿ, ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಮದುವೆಯ ದಿಬ್ಬಣದಲ್ಲಿ ಊಟದ ಅವಸರವಿಲ್ಲದೆ ಬರುವ ಹಿರಿಯರಂತೆ ನಡೆದುಬರುತ್ತಿದ್ದರು. ಮೊದಲ ಸಲ ಅವರೊಡನೆ ಹೋದಾಗ ನಮ್ಮ ಡೋಂಬಿವಲಿ ಚಾರಣ ಮಂಡಳಿಯ ಮುಖಂಡ ಲಿಮಯೆಯವರು ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿ, "ಮಾಮಾ, ನೀವು ಹಿಂದ ನಿಂತರ ನಮಗ ದಾರಿ ಯಾರು ತೋರಸ್ಬೇಕು?" ಎಂದು ಕೇಳಿದರು. ಮಾಮಾ ತಲೆಯ ಟೋಪಿಯನ್ನು ಎತ್ತಿ ಮತ್ತೆ ಅಲ್ಲಿಯೇ ಇಟ್ಟುಕೊಂಡು, "ದಾರಿ ಎಲ್ಲಿಗೂ ಹೋಗಾಂಗಿಲ್ರಿ ಸಾಹೇಬ್ರ, ಅಲ್ಲೇ ಬಿದ್ದಿರತೈತಿ. ಮಂದಿ ಅಲ್ಲೇ ಇರಾಂಗಿಲ್ಲ," ಎಂದರು. ಲಿಮಯೆಯವರಿಗೆ ಅದು ಉತ್ತರವೆನಿಸಲಿಲ್ಲ. ಆದರೆ ಎಲೆಯುದುರಿದ ಸಾಗವಾನಿಯ ಕಾಡಿನಲ್ಲಿ ಮುಂದಿನವನು ಒಂದು ಕವಲು ತಪ್ಪಿದರೂ ನೂರು ಮಾರು ಹಿಂದಿನಿಂದ, ತರಗೆಲೆಯ ಸದ್ದು ಬದಲಾದದ್ದನ್ನು ಕೇಳಿಯೇ, "ಏ, ಎಡಕ್ಕ, ಎಡಕ್ಕ!" ಎಂದು ಕೂಗುತ್ತಿದ್ದ ಆ ಕಿವಿಯ ಮುಂದೆ ಅವರು ಹೆಚ್ಚು ವಾದಿಸಲೂ ಇಲ್ಲ.

ಧಾರವಾಡ ಬಿಟ್ಟು ಡೋಂಬಿವಲಿಗೆ ಬಂದು ಮೂವತ್ತು ವರ್ಷವಾದ ನನಗೆ ಕರ್ಜತ್ ಲೋಕಲು, ಅಲ್ಲಿಂದ ಮುಂದೆ ಮೈಮುರಿಯುವ ಟಮಟಮ್ ರಿಕ್ಷಾ, ಟಮಟಮ್ ನಿಂತಲ್ಲಿ ಶುರುವಾಗುವ ಠಾಕರ ಬುಡಕಟ್ಟಿನವರ ವಾಡಿ, ಇವೆಲ್ಲ ಮಾವನ ಮನೆಯ ದಾರಿಯಷ್ಟೇ ಪರಿಚಿತ. ಅಲ್ಲಿನವರ ಮರಾಠಿಯೂ ನನ್ನ ಕಿವಿಗೆ ಧಾರವಾಡದ ಮಾತಾಗಿಯೇ ಬೀಳುತ್ತದೆ. ವಾಡಿಯ ಕೊನೆಯ ಮನೆಯ ಕಟ್ಟೆಯ ಮೇಲೆ ಮಾಮಾ ನಮಗಾಗಿ ಕಾದಿರುತ್ತಿದ್ದರು. ಒಣಗಿದ ಹುಣಸೆಯಂಥ ಮೈ. ಮೊಣಕಾಲಿನ ಮೇಲಿದ್ದ ಕಚ್ಚೆ. ಅದರ ಮೇಲೆ, ವೈಶಾಖವೇ ಇರಲಿ ಮಾರ್ಗಶಿರವೇ ಇರಲಿ, ಎಂದೋ ಯಾವನೋ ಅರಣ್ಯರಕ್ಷಕ ನಿವೃತ್ತನಾಗುವಾಗ ಕೊಟ್ಟುಹೋದ ದಪ್ಪ ಉಣ್ಣೆಯ ಖಾಕಿ ಕೋಟು. ಹಿತ್ತಾಳೆಯ ಗುಂಡಿಗಳಲ್ಲಿ ಎರಡು ಉಳಿದಿದ್ದವು. ನಾವು ಬನಿಯನ್ ಕೂಡ ಭಾರವೆಂದು ಕಿತ್ತೆಸೆಯಬೇಕೆನ್ನುವ ಉರಿಯಲ್ಲಿ ಅವರು ಆ ಕೋಟಿನೊಳಗೆ ಬೆವರಿನ ಸುಳಿವೂ ಇಲ್ಲದೆ ನಿರ್ಲಿಪ್ತರಾಗಿರುತ್ತಿದ್ದರು. ಅದರ ಜೇಬುಗಳಲ್ಲಿ ಬೆಲ್ಲದ ಉಂಡೆ, ಕಾಗದದಲ್ಲಿ ಕಟ್ಟಿದ ಉಪ್ಪು, ಅಮಸೂಲವೆಂಬ ಒಣ ಮುರುಗಲ ಸಿಪ್ಪೆ, ಒಂದು ಉಳ್ಳಾಗಡ್ಡಿ. ಕುಡಗೋಲು ಸೊಂಟದ ಹಿಂಬದಿಯ ಕಟ್ಟಿಗೆಯ ಕೊಕ್ಕೆಯಲ್ಲಿ ತೂಗುತ್ತ ಹೆಜ್ಜೆಗೊಮ್ಮೆ ಟಕ್ಕೆಂದು ಸದ್ದು ಮಾಡುತ್ತಿತ್ತು.

ಮಾತು ಕಡಿಮೆ. ಇದ್ದ ಮಾತಿನಲ್ಲಿ ಅರ್ಧಭಾಗ 'ನಡೀತೈತಿ' ಎಂಬ ಒಂದೇ ಪದ. ಭತ್ತ ಹೇಗಾಯಿತು ಮಾಮಾ ಎಂದರೆ, ನಡೀತೈತಿ. ಮಳೆಯಲ್ಲಿ ಮನೆಯ ಹಿಂದಿನ ಗೋಡೆ ಬಿತ್ತಂತಲ್ಲ ಎಂದರೆ, ಮುಂದಿಂದು ಐತಲ್ಲ, ನಡೀತೈತಿ. ಗುಡ್ಡದ ತುದಿ ಇನ್ನೆಷ್ಟು ದೂರ ಎಂದು ಏದುಸಿರಿನಲ್ಲಿ ಕೇಳಿದವರಿಗೆ ಮಾತ್ರ ಅವರು ಎಂದೂ ಅಳತೆ ಹೇಳಿದವರಲ್ಲ. ಕೇಳಿದವರ ಮುಖವನ್ನೊಮ್ಮೆ, ಕಾಲನ್ನೊಮ್ಮೆ ನೋಡಿ, "ನಿಮಗೇನು ದೂರ ಇಲ್ಲ ತಗೋರಿ," ಎಂದುಬಿಡುತ್ತಿದ್ದರು. ಒಮ್ಮೆ ಅವರ ಹೆಂಡತಿ ಚಾಂಗುಣಾಬಾಯಿ ನನ್ನೆದುರೇ, "ಮದಿವ್ಯಾದಾಗ ತವರುಮನಿ ಎಷ್ಟು ದೂರಾತು ಅಂತ ಅತ್ತೆ. ಆಗೂ ಇದನ್ನ ಅಂದಾನ ಈ ಮುದುಕ," ಎಂದು ನಕ್ಕಿದ್ದಳು.

ಇಂಥ ಮಾಮಾನಿಗೆ ಒಂದು ದೋಷವಿತ್ತು: ಮೊಣಕಾಲು. ಎರಡು ಚಾರಣಕ್ಕೊಮ್ಮೆಯಾದರೂ ಏರಿನ ನಡುವೆ, ಎಲ್ಲರಿಗೂ ಲಯ ಸಿಕ್ಕಿದ ಹೊತ್ತಿನಲ್ಲಿಯೇ, ಹಿಂದಿನಿಂದ "ಆಯಿ ಗಂ!" ಎಂದು, ನಮ್ಮ ಕಡೆಯ 'ಯವ್ವಾ' ಎಂಬಂಥ ಉದ್ಗಾರ ಕೇಳುತ್ತಿತ್ತು. ತಿರುಗಿ ನೋಡಿದರೆ ಮಾಮಾ ಕಲ್ಲಿನ ಮೇಲೆ ಕುಳಿತು ಮೊಣಕಾಲನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿರುತ್ತಿದ್ದರು. ಅರ್ಧ ಗಂಟೆ, ಮುಕ್ಕಾಲು ಗಂಟೆ ವಿರಾಮ. ಲಿಮಯೆಯವರು ಅಂಚೆ ಇಲಾಖೆಯಲ್ಲಿದ್ದವರು. ಪ್ರತಿ ಚಾರಣಕ್ಕೂ ನಿಮಿಷ ನಿಮಿಷದ ವೇಳಾಪಟ್ಟಿ ಬರೆದು ಹಂಚುವವರು. ಮಾಮಾನ ಮೊಣಕಾಲು ಅವರ ಪಾಲಿಗೆ ದೈವವೇ ಒಡ್ಡಿದ ಅಡ್ಡಿ. "ಒಳ್ಳೇ ಮನುಷ್ಯಾ ಹೌದು, ಆದ್ರ ವಯಸ್ಸಾತು. ಮುಂದಿನ ಸಲ ಬ್ಯಾರೆ ಯಾರನ್ನಾರ ನೋಡಬೇಕು," ಎಂದು ಅವರು ವರ್ಷಕ್ಕೆರಡು ಬಾರಿ ಹೇಳುತ್ತಿದ್ದರು. ನಾವೂ ತಲೆಯಾಡಿಸುತ್ತಿದ್ದೆವು. ಹಾಗೆ ತಲೆಯಾಡಿಸಿದವರಲ್ಲಿ ನಾನೂ ಒಬ್ಬನೆಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಹನುಮ ಜಯಂತಿ ಕಳೆದ ಭಾನುವಾರ ಅದು. ಹತ್ತು ಗಂಟೆಗೇ ಬಂಡೆಗಳು ಹಂಚಿನಂತೆ ಕಾದಿದ್ದವು. ಎಲೆಯಿಲ್ಲದ ಸಾಗವಾನಿ ಮರಗಳು ನೆರಳು ಕೊಡುವ ಬದಲು ನೆಲದ ಮೇಲೆ ಗೆರೆ ಎಳೆದು ನಿಂತಿದ್ದವು. ಗಾಳಿಯೆಂಬುದು ಹೆಸರಿಗೂ ಇರಲಿಲ್ಲ. ಅಂದು ಗುಂಪಿನ ಉತ್ಸಾಹವೆಲ್ಲ ಪ್ರಭಾಕರ ಗುಪ್ತೆಯವರದು. ಮೂವತ್ನಾಲ್ಕು ವರ್ಷ ಲೋಕಲ್ ಗಾಡಿ ಓಡಿಸಿ ಎರಡು ತಿಂಗಳ ಹಿಂದೆ ನಿವೃತ್ತರಾದ ಮೋಟರ್‌ಮನ್. ಎತ್ತರದ ಆಳು, ತಿದ್ದಿದ ಮೀಸೆ, ಒಂದು ದಿನವೂ ಕೆಲಸಕ್ಕೆ ತಡವಾಗಿ ಬಂದವರಲ್ಲವೆಂಬ ಖ್ಯಾತಿ. ಮನೆಯಲ್ಲಿ ಸೊಸೆ, "ಅಪ್ಪಾಜಿ, ಈ ಬಿಸಿಲಾಗ ಬ್ಯಾಡ," ಎಂದದ್ದೇ ನೆಪವಾಗಿ, ಎಲ್ಲರಿಗಿಂತ ಮೊದಲು ದೇವಿಯ ಗಂಟೆ ಹೊಡೆಯುವುದು ತಾನೇ ಎಂದು ಟಮಟಮ್‌ನಲ್ಲೇ ಸಾರಿದ್ದರು. "ಸಿಗ್ನಲ್ ಹಸಿರದ, ನಡೀರಿ ನಡೀರಿ," ಎನ್ನುತ್ತ ಮೊದಲ ಎರಡು ಗಂಟೆ ಲಿಮಯೆಯವರನ್ನೂ ಹಿಂದೆ ಹಾಕಿದರು. ನೀರು ಕೊಟ್ಟರೆ, ಇಂಜಿನ್ನಿಗೆ ಇನ್ನೂ ಬೇಕಾಗಿಲ್ಲ ಎನ್ನುತ್ತಿದ್ದರು.

ಮೂರನೆಯ ಏರಿನಲ್ಲಿ ಅವರು ಮುಂದಿನಿಂದ ನಡುವಿಗೆ, ನಡುವಿನಿಂದ ಹಿಂದಕ್ಕೆ ಬಂದದ್ದನ್ನು ನಾವಾರೂ ಗಮನಿಸಲಿಲ್ಲ. ನನ್ನ ಮುಂದೆ ನಡೆಯುತ್ತಿದ್ದ ಗುಪ್ತೆ ಒಂದು ಕಡೆ ನಿಂತು, ತಿರುಗಿ, ಗಂಭೀರವಾಗಿ ಕೇಳಿದರು: "ಠಾಣೆ ಸ್ಟೇಶನ್ ಹೋತೇನ್ರಿ?"

ಎಲ್ಲರೂ ಗೊಳ್ಳೆಂದು ನಕ್ಕರು. "ಇನ್ನೂ ಮುಂಬ್ರಾ ಬಂದಿಲ್ಲ, ಗಾಡಿ ಬಿಡ್ರಿ ಸಾಹೇಬ್ರ," ಎಂದು ಯಾರೋ ಕೂಗಿದರು. ಗುಪ್ತೆ ನಗಲಿಲ್ಲ. ನನ್ನ ಹಿಂದಿದ್ದ ಮಾಮಾನೂ ನಗಲಿಲ್ಲ. ಕುಡಗೋಲಿನ ಟಕ್ಕೆಂಬ ಸದ್ದು ನಿಂತಿತು. ಮರುಕ್ಷಣ, "ಆಯಿ ಗಂ!"

ಲಿಮಯೆಯವರು ಗಡಿಯಾರ ನೋಡಿಕೊಂಡೇ ಇಳಿದುಬಂದರು. "ಮಾಮಾ, ಇನ್ನ ಅರ್ಧಾ ತಾಸಿಂದು ದಾರಿ. ಸ್ವಲ್ಪ ತಡಕೊಂಡು ಮ್ಯಾಲ ಹೋಗಿ ಕೂಡ್ರಾಕ ಬರೂದಿಲ್ಲೇನು?"

"ನಡಿಯಾಂಗಿಲ್ರಿ," ಎಂದರು ಮಾಮಾ, ಎಡಮೊಣಕಾಲನ್ನು ಒತ್ತಿ ಹಿಡಿದು. ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ಆ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನೀವು ಹೋಗಿ ಬರ್ರಿ. ಬಂಡೆಗಲ್ಲು ದಾಟಿದ ಮ್ಯಾಲ ಸುಣ್ಣದ ಗುರ್ತು ಅದಾವು. ನನಗ ಎತ್ತಿ ಕೂಡಸ್ಲಿಕ್ಕ ಗಟ್ಟಿ ಆಳು ಒಬ್ರು ಬೇಕ್ರಿ. ಈ ಉದ್ದನ್ನ ಸಾಹೇಬ್ರು ಇರಲಿ."

ಗುಪ್ತೆಯವರ ಮುಖದಲ್ಲಿ ಗೊಂದಲವೂ ಹೆಮ್ಮೆಯೂ ಒಟ್ಟಿಗೆ ಮೂಡಿದವು. ನಾನೂ ಉಳಿಯುತ್ತೇನೆಂದೆ. ಪರೋಪಕಾರದಿಂದಲ್ಲ, ಕಾಲು ಸೋತಿದ್ದವು, ಪಕ್ಕದಲ್ಲಿ ಒಂದು ದಟ್ಟ ನೇರಳೆಮರವಿತ್ತು.

ಸೀಟಿಯ ಸದ್ದು ಮೇಲೆ ಮರೆಯಾದ ಮೇಲೆ ಮಾಮಾ, "ಸಾಹೇಬ್ರ, ಸ್ವಲ್ಪ ಕಾಲು ತಿಕ್ಕತೀರೇನು?" ಎಂದು ಕೇಳಿದರು. ಗುಪ್ತೆ ನೆರಳಿನಲ್ಲಿ ಮಂಡಿಯೂರಿ ಕುಳಿತು ತಿಕ್ಕತೊಡಗಿದರು. ಅವರ ಅಂಗಿ ಒಣಗಿತ್ತು. ಬೆನ್ನ ಮೇಲೆ ಬೆವರಿನ ಉಪ್ಪು ಬೆಳ್ಳಗೆ ನಕಾಶೆ ಬರೆದಿತ್ತು. ಮಾಮಾ ಬಾಟಲಿಯ ನೀರಿಗೆ ಬೆಲ್ಲ, ಉಪ್ಪು, ಅಮಸೂಲ ಕಿವುಚಿ, "ನನ್ನ ನಾಲಗಿ ಕೆಟ್ಟೈತಿ, ಉಪ್ಪು ಸಾಕಾತೇನು ನೋಡ್ರಿ," ಎಂದು ಅವರ ಕೈಗೆ ಕೊಟ್ಟರು. ಗುಪ್ತೆ ಒಂದು ಗುಟುಕು ಕುಡಿದು, ತಿಳಿಯಲಿಲ್ಲ ಎಂದರು. "ಹಂಗಾರ ಇನ್ನೊಂದು." ಹೀಗೆ ಉಪ್ಪಿನ ಪರೀಕ್ಷೆಯಲ್ಲಿ ಅರ್ಧ ಬಾಟಲಿ ಇಳಿಯಿತು. ಆಮೇಲೆ ಗುಪ್ತೆಯವರ ಕಣ್ಣು ಮೇಲಕ್ಕೆ ಹೊರಳಿದವು, ಆ ಆರಡಿಯ ದೇಹ ಮಾಮಾನ ಮಡಿಲಿಗೇ ಒರಗಿಬಿಟ್ಟಿತು.

ನಾನು ಏನೆಂದು ಕೂಗಿದೆನೋ ನೆನಪಿಲ್ಲ. ಮಾಮಾ ಅವರನ್ನು ಮಗ್ಗುಲಿಗೆ ಮಲಗಿಸಿ, ಅಂಗಿಯ ಗುಂಡಿ ಬಿಚ್ಚಿ, "ಟೋಪಿಲೆ ಗಾಳಿ ಹಾಕ್ರಿ, ನಿಲ್ಲಿಸಬ್ಯಾಡ್ರಿ," ಎಂದವರೇ ಕೋಟು ಕಳಚಿ ಹೆಗಲಿಗೆ ಎಸೆದುಕೊಂಡು ಕೆಳಗಿನ ಕೊರಕಲಿಗೆ ಇಳಿದರು. ಇಳಿದರು ಎನ್ನುವುದು ಸುಳ್ಳು, ಜಿಗಿದರು. ಅರವತ್ತೈದರ ಆ ಕಾಲುಗಳು ಒಂದು ಬಂಡೆಯಿಂದ ಇನ್ನೊಂದಕ್ಕೆ ಬೇಟೆನಾಯಿಗೆ ಹೆದರಿದ ಕಡವೆಯಂತೆ ಹಾರಿದ್ದನ್ನು ಈ ಕಣ್ಣುಗಳಿಂದ ಕಂಡೆ. ಹತ್ತು ನಿಮಿಷದಲ್ಲಿ ಅವರು ಮರಳಿದಾಗ ಕೋಟು ಒರತೆಯ ನೀರು ಕುಡಿದು ಹಸಿಮಣ್ಣಿನಂತೆ ಭಾರವಾಗಿತ್ತು. ಅದನ್ನು ಗುಪ್ತೆಯವರ ಎದೆಯಿಂದ ಮೊಣಕಾಲಿನವರೆಗೆ ಹೊದಿಸಿದರು. ಆ ದಪ್ಪ ಉಣ್ಣೆ ಗಂಟೆಗಟ್ಟಲೆ ತಂಪು ಹಿಡಿದಿಡುತ್ತದೆಂದು ನನಗೆ ತಿಳಿದದ್ದು ಅಂದು. ಉಳ್ಳಾಗಡ್ಡಿಯನ್ನು ಕಲ್ಲಿನಿಂದ ಜಜ್ಜಿ ಮೂಗಿನ ಹತ್ತಿರ ಹಿಡಿದರು. ಮತ್ತೆ ಎರಡು ಸಲ ಒರತೆಗೆ ಹೋಗಿಬಂದರು. ಮೂರನೆಯ ಸಲಕ್ಕೆ ಗುಪ್ತೆ ಕಣ್ಣು ಬಿಟ್ಟು, "ಏನಾತು?" ಎಂದರು.

"ಏನಿಲ್ರಿ. ನನ್ನ ಕಾಲು ತಿಕ್ಕಿ ತಿಕ್ಕಿ ನಿಮಗ ನಿದ್ದಿ ಹತ್ತಿತು."

ಗುಪ್ತೆ ನಂಬಿದರೋ, ನಂಬಲು ಒಪ್ಪಿದರೋ, ದೇವಿಗೇ ಗೊತ್ತು. ಉಳಿದ ಅಮಸೂಲದ ನೀರನ್ನು ನಿಧಾನವಾಗಿ ಕುಡಿದರು. ಹಣೆಯ ಮೇಲೆ ಬೆವರು ಮೂಡಿತು. ಆ ಬೆವರಿನ ಹನಿಯನ್ನು ಮಾಮಾ ಹೊಲದಲ್ಲಿ ಮೊದಲ ಮೊಳಕೆ ಕಂಡವರಂತೆ ನೋಡಿದರು.

ಮೇಲಿನಿಂದ ಸೀಟಿ ಕೇಳಿಸಿದೊಡನೆ ಮಾಮಾ ಹಸಿ ಕೋಟನ್ನು ಮೈಮೇಲೆ ಎಳೆದುಕೊಂಡು ಕಲ್ಲಿನ ಮೇಲೆ ಕುಳಿತು ಮೊಣಕಾಲನ್ನು ಅಪ್ಪಿಕೊಂಡರು. ಬಲಗಾಲಿನದನ್ನು. ನಾನು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿ, ಮೆಲ್ಲಗೆ ಎಡಗಾಲಿಗೆ ಕೈ ಬದಲಿಸಿದರು.

"ಹ್ಯಾಂಗದ ಈಗ?" ಲಿಮಯೆ ಕೇಳಿದರು.

ಮಾಮಾನಿಗಿಂತ ಮೊದಲೇ ಗುಪ್ತೆ ಉತ್ತರಿಸಿದರು: "ಪಾಡ ಅದ. ನಾನು ತಿಕ್ಕೀನಿ. ಕೆಳಗ ನಾನ ಹಿಡಕೊಂಡು ಇಳಸ್ತೀನಿ, ನೀವು ಗದ್ಲಾ ಮಾಡಬ್ಯಾಡ್ರಿ."

ಹಾಗೆಯೇ ಇಳಿದರು. ಕುಂಟುವ ಮುದುಕನ ತೋಳು ಹಿಡಿದು, ಅವನಿಗೆ ದಣಿವಾಗದಂತೆ ನೆರಳು ಸಿಕ್ಕಲ್ಲೆಲ್ಲ ಕೂರಿಸುತ್ತ, ಅವನು ಕುಡಿದಾಗಲೆಲ್ಲ ತಾನೂ ಕುಡಿಯುತ್ತ, ಆ ಮೋಟರ್‌ಮನ್ ತನ್ನ ಜೀವನದ ಅತ್ಯಂತ ನಿಧಾನದ ಗಾಡಿಯನ್ನು ಸುರಕ್ಷಿತವಾಗಿ ವಾಡಿಗೆ ತಲುಪಿಸಿದರು.

ಚಾಂಗುಣಾಬಾಯಿ ರಾಗಿ ಭಕ್ಕರಿಯನ್ನೂ ಒಣಮೀನಿನ ಚಟ್ನಿಯನ್ನೂ ನಮಗಾಗಿ ಇಟ್ಟಿದ್ದಳು. ಮೀನು ಮುಟ್ಟದ ನನಗೆ ಹಸಿ ಕವಳೆಕಾಯಿಯ ಉಪ್ಪುಖಾರ. ಉಂಡು ಕೈ ತೊಳೆಯುವಾಗ ಮಾಮಾ ಒಬ್ಬರೇ ಸಿಕ್ಕರು. "ಮಾಮಾ, ಖರೇ ಹೇಳ್ರಿ. ನೋಯೂದು ಯಾವ ಮೊಣಕಾಲು?" ಎಂದೆ.

ಅವರು ಚೊಂಬು ಕೆಳಗಿಟ್ಟರು. "ಯಾರ ಜೋಡಿ ಬಂದೀನಿ ಅನ್ನೂದರ ಮ್ಯಾಲ ಐತ್ರಿ." ಮತ್ತೆ ದನಿ ತಗ್ಗಿಸಿ, "ಆ ಉದ್ದನ್ನ ಸಾಹೇಬ್ರಿಗೆ ಹೇಳಬ್ಯಾಡ್ರಿ. ದೊಡ್ಡ ಮನಶಾ. 'ನಿಮಗ ಆಗಾಂಗಿಲ್ಲ, ಕೂಡ್ರಿ' ಅಂದಿದ್ರ ಎದ್ದು ಓಡತಿದ್ರು," ಎಂದರು. ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಮರಳುವ ಲೋಕಲಿನಲ್ಲಿ ಕಿಟಕಿಯ ಪಕ್ಕ ಕುಳಿತು ನಾನು ಹಳೆಯ ಚಾರಣಗಳನ್ನು ಒಂದೊಂದಾಗಿ ನೆನೆದೆ. ಮೂರು ವರ್ಷದ ಹಿಂದೆ, ಟೈಫಾಯ್ಡ್ ಬಿಟ್ಟು ತಿಂಗಳೂ ಆಗದಿದ್ದಾಗ, ಯಾರಿಗೂ ಹೇಳದೆ ಬಂದು, ಏಣಿ ಹಾಕಿ ಹತ್ತುವ ಬಂಡೆಯ ಕೆಳಗೆ ಕಣ್ಣು ಕತ್ತಲೆಗಟ್ಟಿ ಇನ್ನೊಂದು ಹೆಜ್ಜೆ ಸಾಧ್ಯವಿಲ್ಲವೆನಿಸಿದ ಕ್ಷಣದಲ್ಲಿಯೇ ಮಾಮಾನ ಮೊಣಕಾಲು ಕೈಕೊಟ್ಟಿತ್ತು. ಅಂದು ನಾನು ನೆಲಕ್ಕೆ ಕುಸಿದು, ದೇವರು ದೊಡ್ಡವನೆಂದುಕೊಂಡು, ಎಲ್ಲರೊಡನೆ ಸೇರಿ ಮುದುಕನ ಮೇಲೆ ಗೊಣಗಿದ್ದೆ.

ಬದಲಾಪುರ ದಾಟುವಾಗ ಲಿಮಯೆ ಹಳೆಯ ರಾಗ ತೆಗೆದರು: ಮುಂದಿನ ವರ್ಷಕ್ಕೆ ಹರೆಯದವನೊಬ್ಬನನ್ನು ಗೊತ್ತು ಮಾಡಬೇಕು. ಎದುರಿನ ಬೆಂಚಿನಲ್ಲಿ ಗುಪ್ತೆ ಗೊರಕೆ ಹೊಡೆಯುತ್ತಿದ್ದರು. ಮಾತು ಕೊಟ್ಟಿದ್ದರಿಂದ ಅವರ ಸುದ್ದಿ ಎತ್ತದೆ, ನನ್ನ ಟೈಫಾಯ್ಡಿನ ಕಥೆಯನ್ನಷ್ಟೇ ಹೇಳಿ, "ಮಾಮಾ ಕುಂತಾಗೆಲ್ಲಾ ಅವರ ಮುಂದ ನಡೀತಿದ್ದವರು ಯಾರು, ನೆನಸಿ ನೋಡ್ರಿ," ಎಂದೆ. ಲಿಮಯೆ ಗುಪ್ತೆಯವರನ್ನು ನೋಡಿದರು. ಆಮೇಲೆ ತಮ್ಮ ಬೂಟುಗಳನ್ನು ನೋಡಿದರು. ಡೋಂಬಿವಲಿಯಲ್ಲಿ ಇಳಿಯುವಾಗ ಮಾತ್ರ, "ಮಾಮಾ ಕುಂತ ಆ ದೀಪಾವಳಿ ಚಾರಣದಾಗ ನನಗ ಎದಿ ಹಿಡದಂಗ ಆಗಿತ್ತು. ಮನ್ಯಾಗೂ ಹೇಳಿಲ್ಲ," ಎಂದರು.

ಮುಂದಿನ ವರ್ಷದ ವೇಳಾಪಟ್ಟಿ ಎಂದಿನಂತೆ ನಿಮಿಷ ನಿಮಿಷದ ಲೆಕ್ಕದಲ್ಲಿ ಬಂತು. ಮಾರ್ಗದರ್ಶಕರ ಹೆಸರು ಹಾಶಾ ಪಾದಿರ್. ಹತ್ತೂವರೆಯಿಂದ ಹನ್ನೊಂದೂಕಾಲರ ನಡುವಿನ ಸಾಲಿನಲ್ಲಿ, ಅಂಚೆಯವರ ಆ ದುಂಡನೆಯ ಅಕ್ಷರಗಳಲ್ಲಿ, 'ಮಾಮಾನ ಮೊಣಕಾಲು' ಎಂದು ಬರೆದಿತ್ತು.

ಗಾಯಕನ ದನಿ ನಡುಗಿದೊಡನೆ ತಮ್ಮ ತಂಬೂರಿಯ ಶ್ರುತಿ ಇಳಿಯಿತೆಂದು ತಂತಿ ತಿರುವುತ್ತ ಕೂರುವವರನ್ನು ನಾನು ಕಂಡಿದ್ದೇನೆ. ಸಭೆ ಅವರನ್ನು ಶಪಿಸುತ್ತದೆ. ಅಷ್ಟರಲ್ಲಿ ಗಾಯಕ ಉಸಿರು ಕಟ್ಟಿಕೊಳ್ಳುತ್ತಾನೆ. ಇಂಥವರು ಪರರ ಕುಂದನ್ನು ತಮ್ಮ ಹೆಸರಿಗೆ ಬರೆಸಿಕೊಂಡು, ಅದರ ಅಪಕೀರ್ತಿಯನ್ನು ಹಳೆಯ ಬಟ್ಟೆಯಂತೆ ಸಲೀಸಾಗಿ ತೊಟ್ಟು ತಿರುಗುತ್ತಾರೆ. ಉಪಕಾರ ಮಾಡಿದೆವೆಂಬ ಭಾವ ಅವರಲ್ಲಿ ಇರುವಂತೆ ಕಾಣುವುದಿಲ್ಲ. ಉಪಕೃತರಾದೆವೆಂಬ ಅರಿವು ನಮಗೂ ಅಪರೂಪ. ನಮ್ಮಲ್ಲಿ ಹೆಚ್ಚಿನವರು ಏರಿದ ಎತ್ತರವನ್ನೆಲ್ಲ ಸ್ವಂತ ಕಾಲಿನ ಬಲದಿಂದಲೇ ಏರಿದೆವೆಂದು ನಂಬಿಕೊಂಡು ಸುಖವಾಗಿ ಬಾಳುತ್ತೇವೆ. ಆ ನಂಬಿಕೆಯೂ ಅವರು ಕೊಟ್ಟದ್ದೇ.