ಟ್ಯಾಂಕಿಯ ಮೇಲಿನ ಬಲೆ

ಶರಾವತಿಯ ಅಳಿವೆಯಲ್ಲಿ ನೀರು ಏರುತ್ತಿದ್ದ ಹೊತ್ತು. ಮಾವಿನಕುರ್ವೆಯ ತನ್ನ ಮನೆಯಂಗಳದಲ್ಲಿ ಸುಧಾಕರ, ತೀರಿಹೋದ ಅಪ್ಪ ಮಾಬ್ಲನ ಅಂಬಾಸಿಡರ್ ಕಾರಿನಡಿ ಅಂಗಾತ ಮಲಗಿದ್ದ. ಹೊಳೆಯ ಬೆಳಕು ಕಾರಿನ ಹೊಟ್ಟೆಯ ಮೇಲೆ ತೇಲಾಡುತ್ತಿತ್ತು. ಮಗುಚಿಟ್ಟ ದೋಣಿಯೊಳಗೆ ತೂಕಡಿಸುತ್ತಿದ್ದೇನೆ ಎಂದು ಅವನಿಗೆ ಅನಿಸಿತು.

ಪೆಟ್ರೋಲ್ ಟ್ಯಾಂಕಿ ಮೇಲಿನ ತಗಡಿಗೆ ಉಜ್ಜದಂತೆ ನಡುವೆ ಇಡುವ ಮೆತ್ತೆಗಳನ್ನು ಬದಲಿಸಬೇಕಿತ್ತು. ಕುಮಟೆಯಿಂದ ಹೊಸ ರಬ್ಬರಿನವನ್ನು ತಂದಿದ್ದ. ಪಟ್ಟಿ ಬಿಚ್ಚಿ ಖಾಲಿ ಟ್ಯಾಂಕಿ ಇಳಿಸಿದರೆ, ಹಳೆಯ ಮೆತ್ತೆಯ ಬದಲು ಮಡಚಿದ ಮೀನುಬಲೆಯೊಂದು ಎದೆಯ ಮೇಲೆ ಬಿತ್ತು. ಅದರ ಉಪ್ಪಿಗೆ ಟ್ಯಾಂಕಿಯ ಬೆನ್ನೆಲ್ಲ ತುಕ್ಕು.

“ಯಾವ ಮಳ್ಳ ಇಲ್ಲಿ ಬಲೆ ತುರುಕಿದ್ದು?” ಎಂದು ಬೈಯುತ್ತ ಹೊರಬಂದವನು, ಬಿಸಿಲಿನಲ್ಲಿ ಅದನ್ನು ಬಿಡಿಸಿ, ಗಂಟುಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಅಪ್ಪ ಮಾರಿದ ದೋಣಿಯ ಬಲೆ. ಎಡಕ್ಕೆ ಹೊರಳಿದ ಅಂಥ ಗಂಟುಗಳು ಊರಿನ ಬೇರೆ ಯಾರ ಬಲೆಯಲ್ಲೂ ಇರಲಿಲ್ಲ.

“ಅಮ್ಮ, ಅಪ್ಪನ ಗಂಟು ನೋಡು. ದೋಣಿ ಮಾರಿ ಕಾರು ತಕಂಡ್ರೂ ಕಡಲು ಬಿಡ್ಲಿಲ್ಲ ಅವ್ರು.”

ಜಗುಲಿಯಲ್ಲಿದ್ದ ಮಾಸ್ತಮ್ಮ ಬಲೆಯನ್ನು ಮಡಿಲಿಗೆ ಎಳೆದುಕೊಂಡಳು. ಪೆಟ್ರೋಲಿನ ವಾಸನೆಯ ಹಿಂದೆ ಕಡಲಿನ ವಾಸನೆ ನಿಧಾನವಾಗಿ ಎದ್ದಿತು. ಮಾಡಿನ ಸಂದಿಯಿಂದ ಬಲೆ ಹೆಣೆಯುವ ಸೂಜಿ ತೆಗೆದು, ಹರಿದಿದ್ದ ಒಂದು ಕಣ್ಣನ್ನು ಹುಡುಕಿ, ಎಡಗೈಯಲ್ಲಿ ಗಂಟು ಬಿಗಿದಳು. ಅದೂ ಎಡಕ್ಕೇ ಹೊರಳಿತು.

“ಅವ್ರ ಗಂಟಲ್ಲ, ನಂದು” ಎಂದಳು. ಬೆರಳುಗಳು ಬಹಳ ಹೊತ್ತು ಬಲೆಯ ಮೇಲೆಯೇ ಇದ್ದವು. “ಇಷ್ಟು ವರ್ಷ ಇಟ್ಕಂಡೇ ತಿರುಗಿದ್ದು, ನಂಗೊಂದು ಮಾತು ಹೇಳ್ಲಿಲ್ಲ. ಮಳ್ಳ.”