ಜೊತೆಗಿರುವವರ ಹೆಸರು

“ಮೊದಲು ಕೂತ್ಕೊಳ್ಳಿ, ಸಾಹೇಬ್ರೆ.”

ಇಷ್ಟು ಕೇಳಿದ್ದೇ ರಾಯ್ಮೊ ತುವೊಮೊಲನಿಗೆ ಯಾರೋ ಸತ್ತಿದ್ದಾರೆಂದು ತಿಳಿದುಹೋಯಿತು. ಆ ವಾಕ್ಯ ಅವನದೇ. ದೇಶದ ಪೊಲೀಸ್ ಮುಖ್ಯಸ್ಥನಾದ ಮೊದಲ ವರ್ಷ, ಸಾವಿನ ಸುದ್ದಿ ಮುಟ್ಟಿಸುವುದು ಹೇಗೆಂದು ಹನ್ನೊಂದು ಸಾಲಿನ ನಿಯಮ ಬರೆದು ಸಹಿ ಹಾಕಿದ್ದ. ಮೊದಲು ಕೂರಿಸಬೇಕು. ‘ಹೋಗಿಬಿಟ್ಟರು’ ಎನ್ನಬಾರದು, ಸತ್ತರು ಎನ್ನಬೇಕು.

ಬಂದಿದ್ದವರು ಇಬ್ಬರು: ಸಾಯ್ಲಾ ಎಂಬ ಚಿಕ್ಕ ವಯಸ್ಸಿನ ಪೇದೆ, ನಿವೃತ್ತಿಗೆ ಹತ್ತಿರವಾಗಿದ್ದ ಯೊರ್ಮಾ. ಶನಿವಾರದ ಬೆಳಿಗ್ಗೆ, ಹೆಲ್ಸಿಂಕಿ ಇನ್ನೂ ಮಲಗಿತ್ತು. ರಾಯ್ಮೊ ಅಡುಗೆಮನೆಯ ಕುರ್ಚಿಯಲ್ಲಿ ಕೂತ.

“ನಿಮ್ಮ ತಮ್ಮ ಆರ್ವೊ ಸತ್ತಿದ್ದಾರೆ,” ಎಂದಳು ಸಾಯ್ಲಾ.

ನಿನ್ನೆ ಸಂಜೆ ಕೊವೊಲಾ ರೈಲು ನಿಲ್ದಾಣದ ಬೆಂಚಿನ ಮೇಲೆ, ಹೃದಯ ನಿಂತು. ಅವಳು ಕಂದು ಲಕೋಟೆಯೊಂದನ್ನು ಮೇಜಿನ ಮೇಲಿಟ್ಟು, ಆರ್ವೊನ ಬೀಗದ ಕೈ, ಕನ್ನಡಕ, ಫೋನು ಅದರಲ್ಲಿವೆ ಎಂದಳು.

“ಚೆನ್ನಾಗಿ ಹೇಳಿದ್ರಿ,” ಎಂದ ರಾಯ್ಮೊ. ಪರೀಕ್ಷಕನ ದನಿ, ಅವನಿಗೇ ನಾಚಿಕೆಯಾಯಿತು. ಅಳು ಬಂದೀತೇನೋ ಎಂದು ಸ್ವಲ್ಪ ಹೊತ್ತು ಕಾದ. ಬರಲಿಲ್ಲ. ಎದ್ದು ಕಾಫಿಗೆ ನೀರಿಟ್ಟ.

ಕಾಫಿ ಮುಗಿಯಿತು. ಅವರು ಏಳಲಿಲ್ಲ.

“ಇನ್ನು ನೀವು ಹೊರಡಬಹುದು.”

“ಜೊತೆಗೆ ಯಾರಾದ್ರೂ ಬರೋ ತನಕ ಬಿಟ್ಟು ಹೋಗೋ ಹಾಗಿಲ್ಲ, ಸಾಹೇಬ್ರೆ. ಹನ್ನೊಂದನೇ ಸಾಲು,” ಎಂದಳು ಸಾಯ್ಲಾ.

“ಇದು ನನ್ನ ಆಜ್ಞೆ.”

“ಆ ಸಾಲೂ ನಿಮ್ಮದೇ,” ಎಂದ ಯೊರ್ಮಾ, ಕಿಟಕಿಯ ಕಡೆ ನೋಡುತ್ತ.

ಐವತ್ತೈದು ಲಕ್ಷ ಜನರ ಕಾವಲು ರಾಯ್ಮೊನ ಹೊಣೆ. ಅವರಲ್ಲಿ ಜೊತೆಗೆ ಬಂದು ಕೂರುವ ಒಬ್ಬರನ್ನು ಹುಡುಕಬೇಕಾಗಿತ್ತು. ಬಿಟ್ಟುಹೋದ ಹೆಂಡತಿ ಕ್ರಿಸ್‌ಮಸ್ಸಿಗೆ ಕಾರ್ಡು ಕಳಿಸುತ್ತಾಳೆ, ಅಷ್ಟೆ. ಕೈಕೆಳಗಿನ ಅಧಿಕಾರಿ ಕರೆದರೆ ಬರುತ್ತಾನೆ. ಬಂದು ಇವನ ಕುರ್ಚಿ ಯಾವಾಗ ಖಾಲಿಯಾದೀತೆಂದು ಲೆಕ್ಕ ಹಾಕುತ್ತಾನೆ. ಕಾರಿನ ಚಾಲಕನ ಹೆಸರು ಹೇಳಿದ್ದಕ್ಕೆ, ಸಂಬಳಕ್ಕೆ ಬರುವವರು ಆಗದೆಂದು ಸಾಯ್ಲಾ ಮೆಲ್ಲಗೆ ನೆನಪಿಸಿದಳು. ಇನ್ನು ಎದುರುಮನೆ. ಒಬ್ಬರಿಗೊಬ್ಬರು ಎದುರಾಗದಂತೆ, ಮೆಟ್ಟಿಲಲ್ಲಿ ಹೆಜ್ಜೆ ಸದ್ದು ಅಡಗಿದ ಮೇಲೆಯೇ ಬಾಗಿಲು ತೆರೆಯುವುದು ಈ ಕಟ್ಟಡದ ಮರ್ಯಾದೆ. ಹದಿಮೂರು ವರ್ಷದಿಂದ ಎರಡೂ ಮನೆಯವರು ಅದನ್ನು ಕಾಪಾಡಿಕೊಂಡು ಬಂದಿದ್ದರು.

“ದೇವರಿದ್ದಾನೆ ಅಂತ ಬರ್ಕೊಳ್ಳಿ.”

ಸಾಯ್ಲಾ ಬರೆಯಲಿಲ್ಲ. “ಫೋನ್ ನಂಬರ್ ಬೇಕು.”

ಯೊರ್ಮಾ ನಕ್ಕು, ಅದನ್ನು ಕೆಮ್ಮು ಮಾಡಿಕೊಂಡ.

ದುಃಖದಲ್ಲಿರುವವರು ಯಾರೋ ಬರುತ್ತಾರೆಂದು ಸುಳ್ಳು ಹೇಳುತ್ತಾರೆ. ಪೊಲೀಸರೇ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಅದನ್ನೂ ಸೇರಿಸಿದವನು ರಾಯ್ಮೊನೇ. ಈಗ ನಂಬರ್ ಎಂದದ್ದೇ ಅವನ ಬಾಯಿಂದ ಅಂಕೆಗಳು ತಾವಾಗಿ ಹೊರಟವು. ಎಲ್ಲೂ ನೋಡದೆ ಹೇಳಬಲ್ಲ ನಂಬರ್ ಅವನಿಗೆ ಅದೊಂದೇ. ಪ್ರತಿ ಭಾನುವಾರ ಅದರಿಂದ ಕರೆ ಬರುತ್ತಿತ್ತು. ಅವನು ಎತ್ತದೆ, ಸಭೆಯಲ್ಲಿದ್ದೆನೆಂದು ಆಮೇಲೆ ಸಂದೇಶ ಕಳಿಸುತ್ತಿದ್ದ. ಭಾನುವಾರ ಎಂಥ ಸಭೆ ಎಂದು ಆರ್ವೊ ಒಮ್ಮೆಯೂ ಕೇಳಿರಲಿಲ್ಲ.

ಸಾಯ್ಲಾ ನಂಬರ್ ಒತ್ತಿದಳು.

ಮೇಜಿನ ಮೇಲೆ ಕಂದು ಲಕೋಟೆ ನಡುಗಿ, ರಿಂಗಾಗತೊಡಗಿತು.

ಅವಳು ಫೋನನ್ನು ಕಿವಿಯಿಂದ ಇಳಿಸಿದಳು. ಕರೆ ನಿಲ್ಲಿಸಲು ತೋಚಲಿಲ್ಲ. ಯೊರ್ಮಾ ಟೋಪಿ ತೆಗೆದ. ಲಕೋಟೆಯತ್ತ ಯಾರ ಕೈಯೂ ಹೋಗಲಿಲ್ಲ.

ರಾಯ್ಮೊ, ತಾಯಿ ತಮ್ಮಿಬ್ಬರಿಗೂ ಕಲಿಸಿದ್ದಂತೆ ಪ್ರಾರ್ಥನೆಗೆ ಬೆರಳುಗಳನ್ನು ಹೆಣೆದು ತಲೆ ತಗ್ಗಿಸಿದ.

“ತಂದೆಯೇ, ಆರ್ವೊನ ಆತ್ಮಕ್ಕೆ ಶಾಂತಿ ಕೊಡು. ಅವನು ಕರೆದರೆ, ನೀನಾದರೂ ಎತ್ತು.”