ಮೆಷಿನ್ನಿಗೆ ರೇಷ್ಮೆ ಗವಸು

ಬೈರಣ್ಣನವರಿಗೆ ಉಸಿರು ಸಾಲುತ್ತಿರಲಿಲ್ಲ. ಅರೆಕೆರೆಯಲ್ಲಿ ಬಾಡಿಗೆ ಮನೆಗಳಿದ್ದವು, ಅಂಗಳದಲ್ಲಿ ಬೋರ್‌ವೆಲ್ ಇತ್ತು. ಬೀಡಿ ಸುಟ್ಟ ಶ್ವಾಸಕೋಶಕ್ಕೆ ಅದ್ಯಾವುದೂ ಉಪಯೋಗಕ್ಕೆ ಬರಲಿಲ್ಲ. ಡಾಕ್ಟರ್ ಚೀಟಿ ಬರೆದರು. ಮನೆಗೆ ಆಕ್ಸಿಜನ್ ಮೆಷಿನ್ ಬಂತು.

ಹೆಂಡತಿ ಮಂಗಮ್ಮ ಅದನ್ನು ತೊಟ್ಟಿಲ ಕೂಸಿನಂತೆ ನೋಡಿಕೊಂಡರು. ಆ ಮನೆಯಲ್ಲಿ ಟಿವಿ, ಮಿಕ್ಸಿ, ಫ್ರಿಜ್ಜು ಎಲ್ಲಕ್ಕೂ ಗವಸುಂಟು. ಗೃಹಪ್ರವೇಶಕ್ಕೆ ಉಟ್ಟಿದ್ದ ರೇಷ್ಮೆ ಸೀರೆ ಕತ್ತರಿಸಿ ಇದಕ್ಕೂ ಒಂದು ಹೊಲಿದು ತೊಡಿಸಿದರು. ಯಾರ ಕಣ್ಣೂ ತಾಗದಿರಲೆಂದು ಬೀರುವಿನ ಸಂದಿಗೆ ತಳ್ಳಿಟ್ಟರು.

ಮಾರನೆಯ ಬೆಳಿಗ್ಗೆ ಮೆಷಿನ್ ಕುಯ್ಗುಟ್ಟತೊಡಗಿತು. ಬೈರಣ್ಣನವರ ತುಟಿ ನೀಲಿಗಟ್ಟಿತ್ತು. ಮಂಗಮ್ಮ ಮಹಡಿಯತ್ತ ಮುಖ ಮಾಡಿ ಕೂಗಿದರು. ಮೇಲಿನ ಬಾಡಿಗೆ ಮನೆಯ ಅಂಜನಾ ಆಸ್ಪತ್ರೆಯಲ್ಲಿ ನರ್ಸ್. ಓಡಿ ಬಂದಳು.

"ನೋಡಮ್ಮ, ದಂಡಪಿಂಡ ಇದು. ವಾಪಸ್ ಕೊಟ್ಟು ಇನ್ನೂ ದೊಡ್ಡದು ತರಿಸ್ತೀನಿ," ಎಂದರು ಮಂಗಮ್ಮ.

"ಅಲ್ಲೀವರ್ಗೂ ಗುಂಡಿ ತಿರುಗ್ಸಿ ಜಾಸ್ತಿ ಮಾಡಮ್ಮ," ಎಂದರು ಬೈರಣ್ಣ, ಏದುತ್ತ.

"ಬೇಡ ಅಂಕಲ್. ಡಾಕ್ಟರ್ ನಿಮಿಷಕ್ಕೆ ಎರಡು ಲೀಟರ್ ಅಂದ್ರೆ ಎರಡೇ. ನಿಮ್ಮಂಥ ಶ್ವಾಸಕೋಶಕ್ಕೆ ಹೆಚ್ಚಾದ್ರೂ ಅಪಾಯ." ಅವಳ ಕಣ್ಣು ಗವಸಿನ ಮೇಲೆ ಬಿತ್ತು. "ಆಂಟಿ, ಇದಕ್ಯಾಕೆ ಸೀರೆ ಉಡಿಸಿದ್ರಿ?"

"ಧೂಳು ಕೂರಲ್ವೇನಮ್ಮ? ಆಕ್ಸಿಜನ್ ಹೇಗೂ ಒಳಗಡೆ ತುಂಬಿರುತ್ತಲ್ಲ, ಗ್ಯಾಸ್ ಸಿಲಿಂಡರ್ ಥರ."

"ಒಳಗೆ ಏನೂ ತುಂಬಿರಲ್ಲ. ಈ ರೂಮಿನ ಗಾಳೀನೇ ಎಳ್ಕೊಂಡು ಸೋಸಿ ಕೊಡುತ್ತೆ. ನೀವು ಅದರ ಮೂಗೇ ಕಟ್ಟಿದೀರಿ."

ಗವಸು ಕಿತ್ತು, ಮೆಷಿನ್ನನ್ನು ನಡುಮನೆಗೆ ಎಳೆದಳು. ಬೈರಣ್ಣನವರ ಬೆರಳಿಗೆ ಸಿಕ್ಕಿಸಿದ, ರಕ್ತದ ಆಕ್ಸಿಜನ್ ಅಳೆಯುವ ಮೀಟರ್ ಎಂಬತ್ತೆರಡು ತೋರಿಸುತ್ತಿತ್ತು. ಆಂಬುಲೆನ್ಸಿಗೆ ಕರೆ ಮಾಡಲು ಫೋನ್ ಕೈಯಲ್ಲೇ ಹಿಡಿದು ನಿಂತಳು. ಅಂಕಿ ಮೆಲ್ಲಗೆ ಏರಿ ತೊಂಬತ್ತಕ್ಕೆ ಬಂತು.

"ಡಾಕ್ಟರ್ ಇವರಿಗೆ ಹೇಳಿರೋ ಅಳತೆ ಇದೇ. ಏರದೇ ಇದ್ದಿದ್ರೆ ಆಸ್ಪತ್ರೆಗೆ ಓಡಬೇಕಿತ್ತು."

ಬೈರಣ್ಣ ಸುಧಾರಿಸಿಕೊಂಡರು. "ಮದುವೆ ಆದಾಗಿಂದ ನನ್ನ ಬಾಯಿ ಮುಚ್ಚಿಸೋಕೆ ನೋಡ್ತಿದ್ಳು. ಈಗ ಮೂಗಿಗೇ ಕೈ ಹಾಕಿದ್ಳು."

"ಬಾಯಿ ಶುರುವಾಯ್ತು. ಉಸಿರು ಬಂತು ಬಿಡು," ಎಂದು ಮಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹಂಗಾದ್ರೆ ದೊಡ್ಡದು ಬೇಡ್ವಾ?"

"ಬೇಡ. ಚೀಟಿ ನೋಡಿ ತಂದಿರೋದು, ಸರಿಯಾಗೇ ಇದೆ. ಕರೆಂಟ್ ಹೋದ್ರೆ ಬೇಕಾಗುತ್ತೆ, ಒಂದು ಸಿಲಿಂಡರ್ ಇಟ್ಕೊಳ್ಳಿ. ದೇವರ ದೀಪ ದೂರ ಇರಲಿ. ಬೀಡಿಯಂತೂ..."

"ಬಿಟ್ಟಿದೀನಿ ಕಣಮ್ಮ," ಎಂದರು ಬೈರಣ್ಣ.

ನಿಮ್ಮ ಮನೆಗೂ ಇಂಥ ಮೆಷಿನ್ ತರಬೇಕಾಗಿ ಬಂದರೆ, ಅಂಗಡಿಯವನ ಮಾತಿಗೆ ಮೊದಲು ಡಾಕ್ಟರ ಚೀಟಿ ನೋಡಿ. ರಿಪೇರಿಗೆ ಮನೆಗೇ ಬರುವವರ ಹತ್ತಿರ ಕೊಳ್ಳಿ. ಗೋಡೆಯಿಂದ ಮೊಳ ದೂರ, ಬೆಂಕಿಯಿಂದ ಇನ್ನೂ ದೂರ ಇಡಿ. ಮೇಲೆ ಬಟ್ಟೆ ಹಾಕಬೇಡಿ. ಅದು ಕೂಗಿದರೆ ಸುಮ್ಮನಿರಬೇಡಿ.

ಮಂಗಮ್ಮನವರ ಮನೆಯಲ್ಲಿ ಹೋದದ್ದು ಒಂದು ರೇಷ್ಮೆ ಸೀರೆ. ಅಷ್ಟೇ.